ಕ್ಯಾನ್ಸರ್ ಗಡ್ಡೆಗೂ ರಕ್ತನಾಳಗಳಿಗೂ ಇರುವ ನಂಟಿನ ಬಗ್ಗೆ ಜುದಾ ಫೋಕ್‌ಮನ್ ತೋರಿಸಿಕೊಟ್ಟದ್ದೇನು?

ಆಮ್ಲಜನಕವನ್ನೂ ಪೋಷಕಾಂಶಗಳನ್ನೂ ಒದಗಿಸುವ ಹೊಸ ರಕ್ತನಾಳಗಳು ಬೆಳೆಯದಿದ್ದರೆ ಕ್ಯಾನ್ಸರ್ ಗಡ್ಡೆಯು ಒಂದೆರಡು ಮಿಲಿಮೀಟರ್‌ಗಿಂತ ದೊಡ್ಡದಾಗಲಾರದು, ಆದ್ದರಿಂದ ಆ ಬೆಳವಣಿಗೆಯನ್ನು ತಡೆಯುವುದೇ ಚಿಕಿತ್ಸೆಯಾಗಬಲ್ಲದು ಎಂದು ಬಾಸ್ಟನ್ನಿನ ಶಸ್ತ್ರಚಿಕಿತ್ಸಕ ಜುದಾ ಫೋಕ್‌ಮನ್ 1971ರಲ್ಲಿ ಪ್ರತಿಪಾದಿಸಿದರು. ಗಡ್ಡೆಯಲ್ಲಿ ಕಾಣುವ ನಾಳಗಳು ಕೇವಲ ಉರಿಯೂತದ ಫಲವೆಂದು ನಂಬಿದ್ದ ಅನೇಕರು ಇದನ್ನು ಒಪ್ಪಲಿಲ್ಲ. ಆದರೆ ಮೊಲದ ಕಣ್ಣಿನ ಮುಂಭಾಗದಲ್ಲಿರುವ, ಸಹಜವಾಗಿ ರಕ್ತನಾಳಗಳೇ ಇಲ್ಲದ ಕಾರ್ನಿಯಾ ಎಂಬ ಪೊರೆಯೊಳಗೆ ಅವರ ತಂಡವು ಗಡ್ಡೆಯ ಚೂರೊಂದನ್ನು ಇರಿಸಿದಾಗ, ಕಾರ್ನಿಯಾದ ಅಂಚಿನಿಂದ ಹೊಸ ನಾಳಗಳು ಆ ಚೂರಿನತ್ತಲೇ ಬೆಳೆದು ಬಂದವು. ಪಾರದರ್ಶಕ ಪೊರೆಯಲ್ಲಿ ಎಲ್ಲವನ್ನೂ ಕಣ್ಣಾರೆ ಕಾಣಬಹುದಾಗಿದ್ದ ಈ ಪ್ರಯೋಗವೇ ನನ್ನ ದೃಷ್ಟಿಯಲ್ಲಿ ಅತ್ಯಂತ ಸೊಗಸಾದದ್ದು. ಹೊಸ ರಕ್ತನಾಳಗಳ ಬೆಳವಣಿಗೆಯನ್ನು ಪ್ರಚೋದಿಸಲು ಗಡ್ಡೆಯು ಸ್ರವಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುವ ಬೆವಾಸಿಝುಮ್ಯಾಬ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಗಡ್ಡೆಯನ್ನು ಒಂಟಿಯಾಗಿ ಗುಣಪಡಿಸದ ಕಾರಣ ಹೆಚ್ಚಾಗಿ ಕಿಮೊಥೆರಪಿಯ ಜೊತೆಗೆ ಕೊಡುತ್ತಾರೆ.