ಎರಡನೇ ಭಾಗ ತಗೊಳ್ಳುವ ಮೊದಲು ಕೈಯನ್ನು ಕೇಳಿ

ನೀವು ಕೇಳಿದ್ದು ಎರಡು ವಿಷಯ. 2018ರ ಗಾಡ್ ಆಫ್ ವಾರ್ ವೀಡಿಯೋ ಗೇಮ್ ಮುಗಿಸಿದ್ದೀರಿ, ಈಗ 5,000 ರೂಪಾಯಿ ಹತ್ತಿರ ಕೊಟ್ಟು ಅದರ ಮುಂದಿನ ಭಾಗ ರಾಗ್ನರಾಕ್ ತಗೊಳ್ಳಬೇಕಾ ಅಂತ ಒಂದು. ಎರಡನೇ ಭಾಗ ಅಂತ ಬರುವುದೆಲ್ಲ ಹಳೆಯದಕ್ಕೇ ಬಣ್ಣ ಬಳಿದದ್ದಾ ಅಂತ ಇನ್ನೊಂದು. ನಿಮ್ಮ ಪ್ರಶ್ನೆಗೆ ತುಂಬ ಜನ "ಎಲ್ಲ ಒಂದೇ, ದುಡ್ಡು ದಂಡ" ಅಂತ ಬರೆದಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಲ್ಲಿ ಓದಿ ಮಾರಾಯ್ರೆ.

ಮೊದಲಿಗೆ, ನೀವು ಅಷ್ಟು ಮೆಚ್ಚಿದ 2018ರ ಆಟವೇ ಒಂದು ಮುಂದುವರಿದ ಭಾಗ. ಆ ಸರಣಿ ಶುರುವಾದದ್ದು 2005ರಲ್ಲಿ. ಆಗ ಕ್ಯಾಮೆರಾ ದೂರದಲ್ಲಿ ನಿಂತಿರುತ್ತಿತ್ತು, ನಾಯಕ ಕ್ರೇಟೋಸ್ ಕೈಯಲ್ಲಿ ಸರಪಳಿ ಕಟ್ಟಿದ ಕತ್ತಿಗಳು. 2018ರಲ್ಲಿ ಕ್ಯಾಮೆರಾ ಭುಜದ ಹಿಂದೆ ಬಂತು, ಕೈಗೆ ಕೊಡಲಿ ಬಂತು. ಎಸೆದ ಕೊಡಲಿ ತಿರುಗಿ ಬಂದು ಅಂಗೈಗೆ ಬೀಳುವಾಗ ಕಂಟ್ರೋಲರ್ ನಡುಗುತ್ತದಲ್ವಾ, ಅಲ್ಲಿಯೇ ಆ ಆಟ ನಮ್ಮನ್ನು ಹಿಡಿದದ್ದು.

ಹಾಗಾಗಿ ಮ್ಯಾಪ್ ಹೊಸದಾ ಅಂತ ನಾನು ಕೇಳುವುದೇ ಇಲ್ಲ. ಕೈಗೆ ಹೊಸ ಕೆಲಸ ಉಂಟಾ ಅಂತ ನೋಡುತ್ತೇನೆ. ಜೆಲ್ಡಾ ಅಂತ ಇನ್ನೊಂದು ಆಟದ ಸರಣಿ ಉಂಟು, ಅದರ ಬ್ರೆತ್ ಆಫ್ ದ ವೈಲ್ಡ್ ಬಂದದ್ದು 2017ರಲ್ಲಿ, ಟಿಯರ್ಸ್ ಆಫ್ ದ ಕಿಂಗ್ಡಮ್ 2023ರಲ್ಲಿ. ಎರಡರಲ್ಲೂ ಅದೇ ಹೈರೂಲ್ ರಾಜ್ಯ, ಅದೇ ಗುಡ್ಡ, ಅದೇ ಹೊಳೆ. ಆದರೆ ಮೊದಲನೆಯದರಲ್ಲಿ ಹೊಳೆ ಎದುರಾದರೆ ಈಜಬೇಕು, ಇಲ್ಲವೇ ನೀರಿನಲ್ಲಿ ಮಂಜುಗಡ್ಡೆ ಎಬ್ಬಿಸಿ ದಾಟಬೇಕು. ಎರಡನೆಯದರಲ್ಲಿ ನಾಲ್ಕು ದಿಮ್ಮಿ ಅಂಟಿಸಿ ಹಿಂದೆ ಒಂದು ಫ್ಯಾನ್ ಸಿಕ್ಕಿಸಿದರೆ ದೋಣಿ ರೆಡಿ. ಅದೇ ಹೊಳೆಯ ಎದುರು ನಿಂತು ಯೋಚನೆ ಮಾಡುವ ರೀತಿಯೇ ಬದಲಾಗಿ ಹೋಯಿತು. ಅದೇ ಸರಣಿಯ ಮಜೋರಾಸ್ ಮಾಸ್ಕ್ ಕೂಡ ಹಾಗೆ. 1998ರ ಒಕರೀನಾ ಆಫ್ ಟೈಮ್ ಆಟದ ಪಾತ್ರಗಳ ರೂಪಗಳನ್ನೇ ಎತ್ತಿಕೊಂಡು 2000ದಲ್ಲಿ ಮಾಡಿದ್ದು. ಆದರೆ ಮೂರು ದಿನಕ್ಕೆ ಚಂದ್ರ ಬಿದ್ದು ಊರೇ ನಾಶ, ಮತ್ತೆ ಮೊದಲ ದಿನಕ್ಕೆ ಹೋಗಿ ಶುರು ಮಾಡಬೇಕು. ಅದಕ್ಕಿಂತ ಧೈರ್ಯದ ಎರಡನೇ ಭಾಗ ನಾನು ಆಡಿಲ್ಲ.

ತಾಳಮದ್ದಳೆಗೆ ಹೋಗುವವರಿಗೆ ಇದು ಗೊತ್ತಿದ್ದದ್ದೇ. ವಾಲಿವಧೆ ಪ್ರಸಂಗದಲ್ಲಿ ವಾಲಿ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತುಂಟು. ಆದರೂ ಈ ಸಲದ ಅರ್ಥಧಾರಿ ರಾಮನ ಎದುರು ಯಾವ ವಾದ ಇಡುತ್ತಾರೆ ಅಂತ ಕೇಳಲಿಕ್ಕೆ ಜನ ಬೆಳಗಾಗುವ ತನಕ ಕೂರುತ್ತಾರೆ.

ಇನ್ನು ಉಲ್ಟಾ ಉದಾಹರಣೆ. ಫಾರ್ ಕ್ರೈ 3 (2012) ಸಮುದ್ರದ ನಡುವಿನ ದ್ವೀಪದಲ್ಲಿ, ಫಾರ್ ಕ್ರೈ 4 (2014) ಹಿಮಾಲಯದಲ್ಲಿ. ನೋಡಲಿಕ್ಕೆ ಪೂರ್ತಿ ಬೇರೆ. ಆನೆ ಸವಾರಿ ಬಂತು, ಅದು ಚಂದವೇ. ಆದರೆ ಅದೇ ಟವರ್ ಹತ್ತುವುದು, ಅದೇ ಶಿಬಿರ ಹಿಡಿಯುವುದು, ಅದೇ ಪ್ರಾಣಿಯ ಚರ್ಮದಲ್ಲಿ ಚೀಲ ಹೊಲಿಯುವುದು. ನನಗೆ ಅರ್ಧದಲ್ಲೇ ಸಾಕಾಯಿತು.

ಕಂಪನಿಗಳು ಹೊಸದು ಮಾಡಲಿಕ್ಕೆ ಯಾಕೆ ಹೆದರುತ್ತವೆ ಅಂದರೆ, ಸಮಯ. ಜಿಟಿಎ 3 ಬಂದದ್ದು 2001ರಲ್ಲಿ, ಅದೇ ಸರಣಿಯ ವೈಸ್ ಸಿಟಿ ಮರುವರ್ಷವೇ, ಸ್ಯಾನ್ ಆಂಡ್ರಿಯಾಸ್ 2004ರಲ್ಲಿ. ಮಂಗಳೂರಿನ ಹಂಪನಕಟ್ಟೆಯ ಸೈಬರ್ ಕೆಫೆಯಲ್ಲಿ ಕಾಲೇಜು ಬಿಟ್ಟು ಬಂದು ಕೂತವರಿಗೆ ಒಂದು ಮುಗಿಯುವಾಗ ಇನ್ನೊಂದು ಸಿಗುತ್ತಿತ್ತು. ಈಗ ಒಂದೊಂದು ದೊಡ್ಡ ಆಟಕ್ಕೆ ನಾಲ್ಕೈದು ವರ್ಷ, ನೂರಾರು ಜನ. ಒಂದು ತಪ್ಪಿದರೆ ಸ್ಟುಡಿಯೋವೇ ಮುಚ್ಚಬಹುದು. ಕೆಲಸ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಐದು ಸಾವಿರ ಕೊಡುವವರು ನಾವು, ನೋಡಿಯೇ ಕೊಡಬೇಕು.

ಈಗ ರಾಗ್ನರಾಕ್. 2022ರದ್ದು. ಅದೇ ಕೊಡಲಿ, ಅದೇ ಕತ್ತಿ, ಅದೇ ಕ್ಯಾಮೆರಾ. ಹೊಸದಾಗಿ ಒಂದು ಈಟಿ ಉಂಟು. ಎಸೆದು ಚುಚ್ಚಿ ಆಮೇಲೆ ಸ್ಫೋಟಿಸಬಹುದು, ತುಂಬ ಖುಷಿ ಕೊಡುತ್ತದೆ. ಆದರೆ ಅದು ಸಿಗುವುದು ಅರ್ಧ ದಾಟಿದ ಮೇಲೆ. ನಡುನಡುವೆ ಕ್ರೇಟೋಸ್‌ನ ಮಗ ಅಟ್ರಿಯಸ್ ಆಗಿ ಬಿಲ್ಲು ಹಿಡಿದು ಆಡಬಹುದು. ಕೈಯ ಲೆಕ್ಕದಲ್ಲಿ ಇದು ಸೇಫ್ ಆಟವೇ. ಕತೆಯಲ್ಲಿ ಹಾಗಲ್ಲ. 2018ರಲ್ಲಿ ಶುರುವಾದ ಈ ಅಪ್ಪ-ಮಗನ ಕತೆಯನ್ನು ಮೂರು ಭಾಗ ಎಳೆದರೆ ಹದಿನೈದು ವರ್ಷ ಆಗುತ್ತದೆ ಅಂತ ಎರಡಕ್ಕೇ ಮುಗಿಸಿದರು, ಅದಕ್ಕೆ ನನ್ನ ಮೆಚ್ಚುಗೆ ಉಂಟು. ಅಪ್ಪ-ಮಗ ಏನಾದರು ಅಂತ ನಿಮಗೆ ತಿಳಿಯಬೇಕು ಅಂತಿದ್ದರೆ ಖಂಡಿತ ಆಡಿ. ಬರೀ ಹೊಡೆದಾಟಕ್ಕಾದರೆ ಪೂರ್ತಿ ಬೆಲೆ ಕೊಡಬೇಡಿ.

ಮೊದಲನೆಯದು ಈಗಷ್ಟೇ ಮುಗಿಸಿದ್ದರೆ ಎರಡು ಮೂರು ತಿಂಗಳು ಬಿಡಿ. ಕೈ ಸ್ವಲ್ಪ ಮರೆಯಲಿ. ಹಿಂದೆಯೇ ಶುರು ಮಾಡಿದರೆ ಎಲ್ಲ ಹಳತೇ ಅನ್ನಿಸುತ್ತದೆ. ತಗೊಳ್ಳುವುದಾದರೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಗೊಳ್ಳಿ, ಮುಗಿದ ಮೇಲೆ ಮಾರಬಹುದು. ಡೌನ್‌ಲೋಡ್ ಮಾಡಿದ್ದನ್ನು ಮಾರಲಿಕ್ಕಾಗುವುದಿಲ್ಲ. ಪಿಸಿಯಲ್ಲಿ ಆಡುವವರಿಗೆ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ತಗೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಲಿಕ್ಕೆ ದಾರಿ ಉಂಟು.

ಡಿಸ್ಕ್ ಮಾರುವ ಮೊದಲು ರಾಗ್ನರಾಕ್‌ಗೆ ಆಮೇಲೆ ಸೇರಿಸಿದ ವಲ್ಹಾಲಾ ಭಾಗ ಮಾತ್ರ ಬಿಡಬೇಡಿ. 2023ರ ಡಿಸೆಂಬರ್‌ನಲ್ಲಿ ಫ್ರೀಯಾಗಿ ಕೊಟ್ಟದ್ದು. ಸತ್ತರೆ ಮತ್ತೆ ಬಾಗಿಲಿನಿಂದ ಶುರು, ಪ್ರತಿ ಸಲ ಬೇರೆ ಬೇರೆ ಶಕ್ತಿ ಆರಿಸಬೇಕು. ನನ್ನ ಪ್ರಕಾರ ಅವರು ಧೈರ್ಯ ಮಾಡಿದ್ದು ಅಲ್ಲಿ. ಕತೆ ಮುಗಿಸಿದ ಮೇಲೆ ಆಡಿ, ಇಲ್ಲದಿದ್ದರೆ ಕೊನೆ ಮೊದಲೇ ಗೊತ್ತಾಗಿಬಿಡುತ್ತದೆ.

ನೀವು ಮಣಿಪಾಲದಲ್ಲೇ ಇದ್ದರೆ ಸುಮ್ನೆ ಖರ್ಚು ಮಾಡಬೇಡಿ. ನನ್ನ ಪಿಎಸ್5 (ಪ್ಲೇಸ್ಟೇಷನ್ 5) ಡಿಸ್ಕ್ ಮನೆಯಲ್ಲಿ ಉಂಟು. ಭಾನುವಾರ ಉಡುಪಿಗೆ ಬರುವುದಾದರೆ ಹೇಳಿ, ಕೊಡುತ್ತೇನೆ. ವಲ್ಹಾಲಾಕ್ಕೂ ಡಿಸ್ಕ್ ಬೇಕು, ಹಾಗಾಗಿ ಅದನ್ನೂ ಮುಗಿಸಿಯೇ ವಾಪಸ್ ಕೊಡಿ.