ನಮಗೆ ಮೋಸ ಮಾಡಿದವರ ಮೇಲೂ ದೇವರು ದಯೆ ತೋರಿಸ್ತಾನಾ? ಹಾಗಾದ್ರೆ ಭಕ್ತಿ ಮಾಡಿ ಏನು ಲಾಭ?

ತೋರಿಸ್ತಾನೆ ಅಂತಲೇ ನನ್ನ ನಂಬಿಕೆ. ನಾನು ಬಾಗಲಕೋಟೆ ಕಡೆಯವನು, ಹಾಗಾಗಿ ಮೊದಲು ನೆನಪಾಗೋದು ಬಸವಣ್ಣನವರ ಆಕಳ ಕಥೆ.

12ನೇ ಶತಮಾನದ ಮಾತು. ಬಸವಣ್ಣನವರ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದರು. ಮನೆಯವರು ಗಾಬರಿಯಾದರೆ, ಇವರು ಕೂಗಾಡಬೇಡಿ ಅಂದರು. ಅಲ್ಲಿ ಹಾಲು ಉಣ್ಣುವವನೂ ಸಂಗಮದೇವನೇ, ಇಲ್ಲಿ ಉಣ್ಣುವವನೂ ಅವನೇ ಅನ್ನೋ ಅರ್ಥದ ವಚನವೇ ಇದೆ. ಜನ ಹೇಳುವ ಕಥೆಯಲ್ಲಂತೂ, ತಾಯಿ ಇಲ್ಲದೆ ಕರುಗಳು ಒದರಾಡುತ್ತವೆ ಅಂತ ಅವನ್ನೂ ಕಳ್ಳರ ಹತ್ತಿರವೇ ಕಳಿಸಿಬಿಡುತ್ತಾರೆ! ನನಗೆ ಈ ಕರುಗಳ ಭಾಗವೇ ಜಾಸ್ತಿ ಇಷ್ಟ. ಕಳ್ಳನ ಮೇಲಿನ ಸಿಟ್ಟಿನಲ್ಲಿ ಕರುವಿನ ಹಸಿವು ಮರೆಯಲಿಲ್ಲ, ಅಲ್ವಾ?

ಆದರೆ ದಯೆ ಅಂದ್ರೆ ತಪ್ಪನ್ನು ಸರಿ ಅನ್ನೋದಲ್ಲ. ಕಳಬೇಡ, ಕೊಲಬೇಡ ಅಂದವರೂ ಬಸವಣ್ಣನವರೇ. ನಮ್ಮ ಹೊಲದ ಬದುವನ್ನು ಪಕ್ಕದವರು ಎರಡು ಮೊಳ ಒತ್ತಿದ್ದರು, ನಾವು ಸರ್ವೆ ಮಾಡಿಸಿ ವಾಪಸ್ ತಗೊಂಡೆವು, ಅವ್ವ ಮಾತ್ರ ಅದೇ ವಾರ ಅವರ ಮನೆಗೆ ಹೋಳಿಗೆ ಕಳಿಸಿದಳು, ನಾನು ಮೂರು ದಿನ ಅವಳ ಜೊತೆ ಮಾತಾಡಲಿಲ್ಲ.

ಲಾಭದ ವಿಷಯ ಕೇಳಿದ್ರಿ. ಕೃಷ್ಣಾ, ಮಲಪ್ರಭಾ ಕೂಡುವ ಕೂಡಲಸಂಗಮದಲ್ಲಿ ಒಮ್ಮೆ ನಿಂತು ನೋಡಿ. ಆ ನೀರು ಭಕ್ತನ ಹೊಲಕ್ಕೂ ಹೋಗುತ್ತೆ, ಬದು ಒತ್ತಿದವನ ಹೊಲಕ್ಕೂ. ಅವನಿಗೆ ಸಿಕ್ಕಿತು ಅಂತ ನಮ್ಮ ಪಾಲೇನೂ ಕಡಿಮೆಯಾಗಲ್ಲ. ಅಷ್ಟಕ್ಕೂ, ನಾವೇ ಯಾರದೋ ಕಥೆಯಲ್ಲಿ ಆ ಕಳ್ಳರಾಗಿರಬಹುದು.