ಓದುಗರ ಪ್ರಶ್ನೆ: ರಿಯೊದ ಮೂವರಿಗೆ ಹೊರದೇಶ ಒಲಿದದ್ದು ಹೇಗೆ?

ಪ್ರಶ್ನೆ: ಬ್ರೆಜಿಲ್‌ನ ಜಾಝ್ ಫ್ಯೂಷನ್ (ಜಾಝ್ ಜೊತೆ ಬೇರೆ ಶೈಲಿಗಳನ್ನು ಬೆರೆಸುವ ಸಂಗೀತ) ತಂಡ ‘ಅಝಿಮುತ್’ ಬ್ರಿಟನ್ನಿನಲ್ಲಿ ಬಹಳ ಜನಪ್ರಿಯವಾಗಿತ್ತೆಂದು ಕೇಳಿದ್ದೇನೆ. ವಾದ್ಯಗಳನ್ನೇ ನೆಚ್ಚಿಕೊಂಡ ಮೂವರ ತಂಡಕ್ಕೆ ಇದು ಹೇಗೆ ಸಾಧ್ಯವಾಯಿತು? ಹೊರಗಿನ ಕೇಳುಗರಿಗಾಗಿ ಅವರು ತಮ್ಮ ಸಂಗೀತವನ್ನು ಬದಲಿಸಿಕೊಂಡರೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಬದಲಿಸಿಕೊಳ್ಳಲಿಲ್ಲ ಎಂಬುದೇ ನನ್ನ ದೃಢವಾದ ಅಭಿಪ್ರಾಯ. ಕೀಬೋರ್ಡ್‌ನ ಜೋಸೆ ರೊಬೆರ್ಟೊ ಬೆರ್ಟ್ರಾಮಿ, ಬೇಸ್ ಗಿಟಾರ್‌ನ ಅಲೆಕ್ಸ್ ಮಾಲ್ಯೇರೋಸ್ ಮತ್ತು ಡ್ರಮ್ಸ್‌ನ ಇವಾನ್ ಕೊಂಟಿ ರಿಯೊ ಡಿ ಜನೈರೊದ ಸ್ಟುಡಿಯೊಗಳಲ್ಲಿ ಬೇರೆಯವರ ಹಾಡುಗಳಿಗೆ ನುಡಿಸುತ್ತ ಪಳಗಿದವರು. ಬ್ರೆಜಿಲ್ಲಿನ ಗಾಯಕ, ಸಂಯೋಜಕ ಮಾರ್ಕೋಸ್ ವಾಲೆ ಅವರ ಒಂದು ರಚನೆಯಿಂದ ತಂಡದ ಹೆಸರು ಬಂತು. ನಮ್ಮ ಖಗೋಳಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದು ‘ದಿಗಂಶ’, ಅಂದರೆ ದಿಕ್ಕನ್ನು ಸೂಚಿಸುವ ಕೋನ. ತಮ್ಮ ಸಂಗೀತವನ್ನು ಅವರು ಕರೆದದ್ದು ‘ಸಾಂಬಾ ದೊಯ್ದು’, ಅಂದರೆ ಹುಚ್ಚು ಸಾಂಬಾ ಎಂದು.

ಬ್ರೆಜಿಲ್ಲಿನ ಕುಣಿತದ ಸಂಗೀತವಾದ ಸಾಂಬಾದ ಮೇಳದಲ್ಲಿ ಸುರ್ದು ಎಂಬ ದೊಡ್ಡ ಚರ್ಮವಾದ್ಯವು ಎರಡನೆಯ ಮಾತ್ರೆಯ ಮೇಲೆ ಭಾರವಾದ ಪೆಟ್ಟು ಹಾಕುತ್ತದೆ, ಸಣ್ಣ ವಾದ್ಯಗಳು ಅದರ ಸುತ್ತ ಚುರುಕಾಗಿ ನುಡಿಯುತ್ತವೆ. ಹಲವರು ಹಂಚಿಕೊಂಡು ಮಾಡುವ ಈ ಕೆಲಸವನ್ನು ಕೊಂಟಿ ಎರಡು ಕೈ, ಎರಡು ಕಾಲುಗಳಲ್ಲಿ ಒಬ್ಬರೇ ನಿಭಾಯಿಸುತ್ತಿದ್ದರು. ಅದರ ಮೇಲೆ ಬೆರ್ಟ್ರಾಮಿಯವರ ಎಲೆಕ್ಟ್ರಿಕ್ ಪಿಯಾನೊ ಮತ್ತು ಸಿಂಥಸೈಜರ್‌ಗಳು ಅಮೆರಿಕದ ಜಾಝ್ ಮತ್ತು ಫಂಕ್‌ಗಳ ಸ್ವರಸಂಯೋಜನೆಯನ್ನು ತಂದವು. ಮೇಲಿನ ಪದರ ಎಷ್ಟೇ ಹೊಸದಾಗಿದ್ದರೂ ಕೆಳಗಿನ ನಡೆ ರಿಯೊದ್ದೇ ಆಗಿತ್ತು, ಹೊರಗಿನವರನ್ನು ಸೆಳೆದದ್ದೂ ಆ ನಡೆಯೇ.

1977ರಲ್ಲಿ ಸ್ವಿಟ್ಜರ್ಲೆಂಡ್‌ನ ಮಾಂಟ್ರೊ ಜಾಝ್ ಉತ್ಸವದಲ್ಲಿ ನುಡಿಸಿದ ತಂಡಕ್ಕೆ ಮುಂದೆ ಅಮೆರಿಕದ ಮೈಲ್‌ಸ್ಟೋನ್ ಎಂಬ ರೆಕಾರ್ಡ್ ಕಂಪನಿಯ ಒಪ್ಪಂದ ದೊರೆಯಿತು. ಆ ಕಂಪನಿಗಾಗಿ 1979ರಲ್ಲಿ ತಂದ ಆಲ್ಬಂನಲ್ಲಿದ್ದ, ಒಂಬತ್ತು ನಿಮಿಷಕ್ಕೂ ಮೀರಿದ ‘ಜಾಝ್ ಕಾರ್ನಿವಲ್’ 1980ರ ಆರಂಭದಲ್ಲಿ ಬ್ರಿಟನ್ನಿನ ಸಿಂಗಲ್ಸ್ (ಬಿಡಿ ಹಾಡುಗಳ ಮಾರಾಟದ) ಪಟ್ಟಿಯಲ್ಲಿ 19ನೇ ಸ್ಥಾನಕ್ಕೇರಿತು. ಕುಳಿತು ಕೇಳುವ ಜಾಝ್ ಸಭೆಗಳಿಗಿಂತ ಹೆಚ್ಚಾಗಿ ಕುಣಿಯುವ ಕ್ಲಬ್‌ಗಳು ಈ ಕೃತಿಯನ್ನು ಎತ್ತಿಹಿಡಿದವು. ಕುಣಿಯುವವರಿಗೆ ಬ್ರೆಜಿಲ್ಲಿನ ಭಾಷೆಯಾದ ಪೋರ್ಚುಗೀಸ್ ಬರಬೇಕಿರಲಿಲ್ಲ.

ಆ ಒಂದು ಯಶಸ್ಸಿಗೇ ಅವರ ಕಥೆ ಮುಗಿದಿದ್ದರೆ ನಾನು ಇಷ್ಟು ಆಸ್ಥೆಯಿಂದ ಬರೆಯುತ್ತಿರಲಿಲ್ಲ. ಎಂಬತ್ತರ ದಶಕದುದ್ದಕ್ಕೂ ಮೈಲ್‌ಸ್ಟೋನ್‌ಗಾಗಿ ಆಲ್ಬಂಗಳು ಬಂದವು. ಬೆರ್ಟ್ರಾಮಿ ಕೆಲಕಾಲ ತಂಡವನ್ನು ಬಿಟ್ಟು ಮರಳಿದರು. ತೊಂಬತ್ತರ ದಶಕದಲ್ಲಿ ಲಂಡನ್ನಿನ ಫಾರ್ ಔಟ್ ರೆಕಾರ್ಡಿಂಗ್ಸ್ ಕಂಪನಿಯು ತಂಡದ ಹೊಸ ಕೃತಿಗಳನ್ನು ಹೊರತರತೊಡಗಿದಾಗ, ಹಳೆಯ ರೆಕಾರ್ಡುಗಳನ್ನು ಹುಡುಕಿ ಕೇಳುತ್ತಿದ್ದ ಎಳೆಯ ಡಿಜೆಗಳ ಒಂದು ತಲೆಮಾರು ಅವರಿಗೆ ಹೊಸ ಕೇಳುಗರಾಗಿ ಸಿಕ್ಕಿತು. 2012ರಲ್ಲಿ ಬೆರ್ಟ್ರಾಮಿ ತೀರಿಕೊಂಡ ಮೇಲೆ ಕೀಕೊ ಕಾಂಟಿನೆಂಟಿನೊ ಕೀಬೋರ್ಡ್‌ಗೆ ಕುಳಿತರು. 2023ರಲ್ಲಿ ಕೊಂಟಿಯವರೂ ಅಗಲಿದಾಗ ಮೊದಲಿನ ಮೂವರಲ್ಲಿ ಮಾಲ್ಯೇರೋಸ್ ಒಬ್ಬರೇ ಉಳಿದರು.